ಯಾರ ಮೈಮೇಲಿನ ನಗು?

ಬಂಡಾಯದವರಿಗೆ ನಗಲು ಬರುವುದಿಲ್ಲ ಎಂಬ ಮಾತನ್ನು ಬಹಳ ಸಲ ಕೇಳಿದ್ದೇನೆ. ಕವಿಗೋಷ್ಠಿ ಮುಗಿದು ಚಾ ಕುಡಿಯುವ ಹೊತ್ತಿಗೆ ಯಾರಾದರೊಬ್ಬ ಹಿರಿಯರು ಹೆಗಲ ಮೇಲೆ ಕೈಯಿಟ್ಟು, 'ಸಿಟ್ಟು ಚೆನ್ನಾಗಿ ಉಂಟು ಮಾರಾಯ, ಸ್ವಲ್ಪ ಹಾಸ್ಯವೂ ಇರಲಿ' ಅನ್ನುತ್ತಾರೆ. ಹೇಳುವವರು ಒಳ್ಳೆಯವರೇ. ಆದರೆ ಯಾವ ಹಾಸ್ಯ, ಅದರಲ್ಲಿ ನಗುವವರು ಯಾರು, ನಗೆಪಾಟಲಾಗುವವರು ಯಾರು ಎಂದು ತಿರುಗಿ ಕೇಳಿದರೆ ಅವರ ಕೈಯ ಚಾ ಆರಿಹೋಗುತ್ತದೆ. ಈ ಪ್ರಶ್ನೆಯನ್ನು ದೊಡ್ಡ ಗ್ರಂಥಗಳಿಗೆ ಕೇಳುವವರು ಬಹಳ ಜನ ಇದ್ದಾರೆ. ನಾನು ಪತ್ರಿಕೆಯ ಮೂಲೆಯಲ್ಲಿ ಬರುವ ಮೂರು-ನಾಲ್ಕು ಚೌಕದ ಚಿತ್ರಪಟ್ಟಿಗೆ, ಅಂದ್ರೆ ನಾವೆಲ್ಲ ಕಾಮಿಕ್ಸ್ ಅನ್ನುವುದಕ್ಕೆ, ಕೇಳಬೇಕೆಂದಿದ್ದೇನೆ. ಯಾಕೆಂದರೆ ಅದನ್ನು ಪ್ರೀತಿಸಿದವನು ನಾನು. ಮತ್ತು ನಮ್ಮ ವಿಮರ್ಶೆಯ ಮಟ್ಟಿಗೆ ಅದು ಇನ್ನೂ ಮುಟ್ಟಬಾರದ ಜಾತಿ.

ಸಂತೆಕಟ್ಟೆ ಎಂದರೆ ಹೆಸರೇ ಹೇಳುವಂತೆ ಸಂತೆಯ ಊರು. ಉಡುಪಿಯಿಂದ ಬ್ರಹ್ಮಾವರಕ್ಕೆ ಹೋಗುವ ಹೆದ್ದಾರಿಯಲ್ಲಿ ಕಲ್ಯಾಣಪುರಕ್ಕೆ ಅಂಟಿಕೊಂಡಿದೆ. ನಮ್ಮಂಥವರ ಮನೆಗಳಲ್ಲಿ ಪತ್ರಿಕೆ ತರಿಸುವ ಪದ್ಧತಿ ಇರಲಿಲ್ಲ. ಪತ್ರಿಕೆಯೇ ಸಂತೆಯಿಂದ ಬರುತ್ತಿತ್ತು, ಒಣಮೀನು ಸುತ್ತಿಕೊಂಡು, ಚರ್ಮುರಿಯ ಪೊಟ್ಟಣವಾಗಿ. ಪೊಟ್ಟಣ ಬಿಚ್ಚಿದರೆ ಒಳಗೆ ಎರಡು ಚೌಕದ ಚಿತ್ರ ಸಿಕ್ಕುತ್ತಿತ್ತು. ಮೂರನೆಯ ಚೌಕ, ನಗು ಬರಬೇಕಾದ ಚೌಕ, ಹರಿದುಹೋಗಿರುತ್ತಿತ್ತು, ಇಲ್ಲವೇ ಎಣ್ಣೆಯಲ್ಲಿ ಮುಳುಗಿರುತ್ತಿತ್ತು. ಕೊನೆಯ ನಗುವನ್ನು ನಾವೇ ಕಟ್ಟಿಕೊಳ್ಳಬೇಕಿತ್ತು. ಅಕ್ಷರ ಕಲಿತ ಮೊದಲ ತಲೆಮಾರಿನ ಎಷ್ಟೋ ಮನೆಗಳಲ್ಲಿ ಒಳಗೆ ಬಂದ ಮೊದಲ ಸಾಹಿತ್ಯ ಹೀಗೆಯೇ ಬಂದಿದೆ. ಗುಜರಿ ಅಂಗಡಿಯಲ್ಲಿ ಕಟ್ಟುಕಟ್ಟಾಗಿ ಬಿದ್ದಿರುತ್ತಿದ್ದ ಹಳೆಯ ವಾರಪತ್ರಿಕೆಗಳು ನಮ್ಮ ಲೈಬ್ರರಿ. ಕಿಲೋ ಲೆಕ್ಕದಲ್ಲಿ ಸಿಕ್ಕುವ ಓದು.

ನಮ್ಮದು ಅಚ್ಚಿನ ಸೀಮೆ ಎಂಬುದನ್ನು ಇಲ್ಲಿ ನೆನೆಯಬೇಕು. ಬಸ್ಸು ಹತ್ತಿದರೆ ಮಣಿಪಾಲ. 1970ರಲ್ಲಿ 'ಉದಯವಾಣಿ' ಅಲ್ಲಿಂದ ಹೊರಟಿತು, 1983ರಲ್ಲಿ 'ತರಂಗ'. ಅದಕ್ಕೂ ಮೊದಲೇ, 1965ರಲ್ಲಿ, ಬೆಂಗಳೂರಿನಿಂದ 'ಸುಧಾ' ಬರತೊಡಗಿತ್ತು. ಅದರಲ್ಲಿ ಬರುತ್ತಿದ್ದ ಫ್ಯಾಂಟಮ್‌ನನ್ನು ಕನ್ನಡದ ಎರಡು ಮೂರು ತಲೆಮಾರುಗಳು ಕಾದು ಓದಿವೆ. 1964ರಿಂದ 1990ರವರೆಗೆ ಟೈಮ್ಸ್ ಆಫ್ ಇಂಡಿಯಾ ಬಳಗದವರು ಹೊರತಂದ ಇಂದ್ರಜಾಲ ಕಾಮಿಕ್ಸ್ ಅವನನ್ನು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಹಂಚಿತು. ಅಮೆರಿಕದ ಲೀ ಫಾಕ್ 1936ರಲ್ಲಿ ಅಲ್ಲಿಯ ಪತ್ರಿಕೆಗಳಿಗಾಗಿ ಹುಟ್ಟಿಸಿದ ಪಾತ್ರ ನಮ್ಮ ಗುಜರಿ ಅಂಗಡಿಯವರೆಗೆ ಬಂದದ್ದು ಹೀಗೆ. ತಲೆಬುರುಡೆಯ ಉಂಗುರಕ್ಕೆ ಆಸೆಪಡದ ಹುಡುಗ ಯಾರಿದ್ದಾನೆ?

ಫ್ಯಾಂಟಮ್‌ನ ಇಂಗ್ಲಿಷ್ ಬಿರುದನ್ನು ಕನ್ನಡದಲ್ಲಿ ಹೇಳಿದರೆ 'ನಡೆದಾಡುವ ಭೂತ'. ಬೆಂಗಳೂರಿನ ಓದುಗನಿಗೆ ಇದು ಬರೀ ಬಿರುದು. ತುಳುನಾಡಿನವನಿಗೆ ಹಾಗಲ್ಲ ಮಾರಾಯ್ರೆ. ಇಲ್ಲಿ ಭೂತ ನಿಜವಾಗಿಯೂ ನಡೆದಾಡುತ್ತದೆ, ಮಾತಾಡುತ್ತದೆ, ಗದ್ದೆಯ ಗಡಿಯ ಜಗಳಕ್ಕೆ ತೀರ್ಪು ಕೊಡುತ್ತದೆ. ಹಾಗಾಗಿ ಫ್ಯಾಂಟಮ್‌ನ ಕತೆಯನ್ನು ಇಲ್ಲಿಂದ ಓದಿದರೆ ಬೇರೆಯೇ ಕಾಣುತ್ತದೆ.

ಕತೆ ಇಷ್ಟು. 1536ರಲ್ಲಿ ಕಡಲ್ಗಳ್ಳರ ಕೈಯಿಂದ ತಪ್ಪಿಸಿಕೊಂಡ ಒಬ್ಬ ಬಿಳಿಯ ದಡಕ್ಕೆ ಬಂದು ಬೀಳುತ್ತಾನೆ. ಬಂದರ್ ಎಂಬ ಕುಳ್ಳ ಕಾಡುಜನ ಅವನನ್ನು ಉಪಚರಿಸಿ ಬದುಕಿಸುತ್ತಾರೆ. (ಹಿಂದಿಯಲ್ಲಿ ಬಂದರ್ ಅಂದರೆ ಮಂಗ. ಮಲ್ಪೆ ಬಂದರು ಗೊತ್ತಿರುವ ನಮ್ಮ ಹುಡುಗರಿಗೆ ಮಾತ್ರ ಅದು ಬೇರೆ ಅರ್ಥ ಕೊಡುತ್ತದೆ.) ಆ ಜನ ವಸಾಕ ಎಂಬ ಇನ್ನೊಂದು ಕುಲದವರ ಗುಲಾಮರು. ಬಿಳಿಯನು ಏನು ಮಾಡುತ್ತಾನೆ? ವಸಾಕರು ಹೆದರುವ ಅವರ ದೈವದ ವೇಷವನ್ನೇ ತಾನು ಹಾಕಿಕೊಂಡು ಬಂದು ಅವರನ್ನು ಸೋಲಿಸುತ್ತಾನೆ. ಬಂದರ್ ಜನ ಬಿಡುಗಡೆಯಾಗುತ್ತಾರೆ. ಬಿಡುಗಡೆಯಾಗಿ ಏನಾಗುತ್ತಾರೆ? ಇಪ್ಪತ್ತೊಂದು ತಲೆಮಾರು ಅವನ ಗುಹೆಯ ಬಾಗಿಲು ಕಾಯುತ್ತಾರೆ. ಅಪ್ಪ ಸತ್ತರೆ ಮಗ ಅದೇ ವೇಷ ತೊಡುತ್ತಾನೆ, ಕಾಡಿನ ಜನ ಅವನೇ ಇವನು, ಸಾವಿಲ್ಲದವನು ಎಂದು ನಂಬುತ್ತಾರೆ. ನಾನೂರು ವರ್ಷದಲ್ಲಿ ಒಬ್ಬ ಕಪ್ಪು ಹುಡುಗನಿಗೂ ಆ ಮುಖವಾಡ ಹಾಕಿ ನೋಡಬೇಕು ಅನ್ನಿಸುವುದಿಲ್ಲ.

ಈಗ ನಮ್ಮ ಅಂಗಳಕ್ಕೆ ಬನ್ನಿ. ಇಲ್ಲಿ ಭೂತದ ಅಣಿ ಕಟ್ಟುವವರು ಪಂಬದರು, ಪರವರು, ನಲಿಕೆಯವರು. ಹಗಲು ಗುತ್ತಿನ ಮನೆಯ ಒಳಗೆ ಕಾಲಿಡಲಾಗದವನು ರಾತ್ರಿ ಮುಖಕ್ಕೆ ಅರದಲ ಹಚ್ಚಿಕೊಂಡು ನಿಂತರೆ ಗುತ್ತಿನ ಯಜಮಾನ ಕೈಮುಗಿದು ನಿಲ್ಲುತ್ತಾನೆ, ನುಡಿ ಕೇಳುತ್ತಾನೆ. ಬೆಳಗಾಗಿ ಬಣ್ಣ ತೊಳೆದರೆ ಅದೇ ಮನುಷ್ಯ ಮತ್ತೆ ಅಂಗಳದ ಹೊರಗೆ. ಫ್ಯಾಂಟಮ್ ಬಣ್ಣ ತೊಳೆಯುವುದೇ ಇಲ್ಲ. ಅವನಿಗೆ ಭೂತ ಎಂದರೆ ಆಳುವ ಉಪಾಯ. ನಮ್ಮವನಿಗೆ ಭೂತ ಎಂದರೆ ಒಂದು ರಾತ್ರಿಯ ಮಟ್ಟಿಗೆ ಬಾಯಿ ಬಿಡಲು ಸಿಕ್ಕ ಅವಕಾಶ. ಎರಡೂ ಕಡೆ ಜನರನ್ನು ನಂಬಿಸುವ ವೇಷ ಉಂಟು. ವೇಷದ ಒಳಗಿನ ಮೈ ಯಾರದ್ದು, ಬೆಳಗಾದ ಮೇಲೆ ಅದಕ್ಕೆ ಏನಾಗುತ್ತದೆ ಎಂಬಲ್ಲಿ ಕತೆ ಬೇರೆಯಾಗುತ್ತದೆ. ಆಫ್ರಿಕಾದ ದೇಶಗಳು ಸ್ವತಂತ್ರವಾದ ಕಾಲಕ್ಕೆ, 1960ರ ದಶಕದಲ್ಲಿ, ಲೀ ಫಾಕ್ ಕೂಡ ಲಮಾಂಡ ಲುವಾಗ ಎಂಬ ಕಪ್ಪು ಅಧ್ಯಕ್ಷನನ್ನು ಆ ನಾಡಿಗೆ ತಂದ. ಒಳ್ಳೆಯದೇ ಆಯಿತು. ಆದರೂ ಗುಹೆಯ ಸಿಂಹಾಸನದಲ್ಲಿ ಬದಲಾವಣೆ ಇಲ್ಲ.

ಫ್ಯಾಂಟಮ್ ನಗಿಸಲು ಬಂದವನಲ್ಲ ಎಂದು ನೀವು ಹೇಳಬಹುದು. ಹಾಗಾದರೆ ಅದೇ ಲೀ ಫಾಕ್ ಅದಕ್ಕೂ ಎರಡು ವರ್ಷ ಮೊದಲು, 1934ರಲ್ಲಿ, ಹುಟ್ಟಿಸಿದ ಮಾಂಡ್ರೇಕ್‌ನನ್ನು ನೋಡಿ. ಮಾಂಡ್ರೇಕ್ ಕೋಟು ಟೋಪಿಯ ಬಿಳಿಯ ಜಾದೂಗಾರ. ಅವನ ಹಿಂದೆ ಲೋಥಾರ್, ಏಳು ಬುಡಕಟ್ಟುಗಳ ರಾಜಕುಮಾರ. ರಾಜಕುಮಾರನಾದರೂ ಮೈಗೆ ಚಿರತೆಯ ಚರ್ಮ, ಬಾಯಿಗೆ ಮುರುಕು ಇಂಗ್ಲಿಷು, ಕೆಲಸ ಊಳಿಗದ್ದು. ಓದುಗ ಅವನ ಮಾತಿಗೆ ನಗಬೇಕೆಂದೇ ಅದನ್ನು ಮುರಿದದ್ದು. 1965ರಲ್ಲಿ ಫ್ರೆಡ್ ಫ್ರೆಡರಿಕ್ಸ್ ಚಿತ್ರ ಬರೆಯಲು ಬಂದ ಮೇಲೆ ಅವನಿಗೆ ಸರಿಯಾದ ಬಟ್ಟೆ, ಸರಿಯಾದ ಮಾತು ಸಿಕ್ಕಿತು. ಒಂದು ಶರ್ಟು ಸಿಗಲು ಮೂವತ್ತೊಂದು ವರ್ಷ!

ನಗಬೇಡಿ, ನಮ್ಮಲ್ಲೂ ಇದು ಉಂಟು. ಅಷ್ಟಮಿ, ನವರಾತ್ರಿಯ ವೇಷಗಳಲ್ಲಿ ಮೈಗೆಲ್ಲ ಮಸಿ ಬಳಿದುಕೊಂಡು, ಡೋಲು ಹಿಡಿದು, ಕೊರಗರ ಹಾಗೆ ಕುಣಿದು ಜನರನ್ನು ನಗಿಸುವ 'ಕೊರಗ ವೇಷ' ಈ ಜಿಲ್ಲೆಗಳಲ್ಲಿ ಬಹಳ ಕಾಲ ನಡೆಯಿತು. ಕೊರಗರ ಸಂಘಟನೆಗಳು ಅದನ್ನು ಎದುರಿಸಿ ನಿಂತವು. ಕೊರಗರಿಗೆ ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವ, ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮೊದಲು ಅವರನ್ನು ಓಡಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾನೂನೇ ಬೇಕಾಯಿತು. ಕೊರಗ ತನಿಯನನ್ನು ದೈವವೆಂದು ಪೂಜಿಸುವ ಊರಿನಲ್ಲಿ ಕೊರಗನ ಮೈ ತಮಾಷೆಯ ವಸ್ತು. ಅಮೆರಿಕದ ಬಿಳಿಯರು ಮುಖಕ್ಕೆ ಮಸಿ ಬಳಿದು ಕಪ್ಪು ಜನರ ಹಾಗೆ ಕುಣಿದು ದುಡ್ಡು ಮಾಡಿದ ರಂಗದ ಆಟ ಅಲ್ಲಿಯ ಹಳೆಯ ಕಾಮಿಕ್ಸಿನ ದಪ್ಪತುಟಿಗೆ ಮೂಲ. ಕಡಲು ಬೇರೆ, ಮಸಿ ಒಂದೇ.

ಇಷ್ಟು ಹೇಳಿದ ಮೇಲೆ ನಮಗೆ ಹಾಸ್ಯಪ್ರಜ್ಞೆ ಇಲ್ಲ ಎಂಬ ಆರೋಪದ ಹಳೆಯ ಕಡತವನ್ನೂ ತೆರೆಯಬೇಕು. 28 ಆಗಸ್ಟ್ 1949ರಂದು ಶಂಕರ್ ಬರೆದ ವ್ಯಂಗ್ಯಚಿತ್ರದಲ್ಲಿ ಅಂಬೇಡ್ಕರ್ ಸಂವಿಧಾನವೆಂಬ ಬಸವನಹುಳುವಿನ ಮೇಲೆ ಚಾಟಿ ಹಿಡಿದು ಕೂತಿದ್ದಾರೆ. ಹಿಂದೆ ನೆಹರೂ ಚಾಟಿ ಎತ್ತಿದ್ದಾರೆ. 2006ರ ಹನ್ನೊಂದನೆಯ ತರಗತಿಯ ರಾಜ್ಯಶಾಸ್ತ್ರ ಪುಸ್ತಕದಲ್ಲಿ ಎನ್‌ಸಿಇಆರ್‌ಟಿ ಅದನ್ನು ಅಚ್ಚು ಮಾಡಿತ್ತು. 2012ರಲ್ಲಿ ಸಂಸತ್ತಿನಲ್ಲಿ ಗದ್ದಲವಾಗಿ, ಸಲಹೆಗಾರರಿಬ್ಬರು ರಾಜೀನಾಮೆ ಕೊಟ್ಟು, ಚಿತ್ರ ಹೊರಹೋಯಿತು. ಆಗ ಎಷ್ಟೋ ಪಂಡಿತರು ದಲಿತರಿಗೆ ನಗು ಅರ್ಥವಾಗುವುದಿಲ್ಲ ಎಂದು ಬರೆದರು.

ಚಿತ್ರವನ್ನು ಹರಿದುಹಾಕಬೇಕೆಂದು ನಾನು ಹೇಳುವುದಿಲ್ಲ. ಅದು ನಗೆಯಾಗಲು ಯಾವ ಸತ್ಯವನ್ನು ಮರೆಯಬೇಕು ಎಂದಷ್ಟೇ ಕೇಳುತ್ತೇನೆ. 5 ನವೆಂಬರ್ 1948ರಂದು ಟಿ.ಟಿ. ಕೃಷ್ಣಮಾಚಾರಿ ಸಂವಿಧಾನ ಸಭೆಯಲ್ಲೇ ಲೆಕ್ಕ ಕೊಟ್ಟಿದ್ದರು. ಏಳು ಜನರ ಕರಡು ಸಮಿತಿಯಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಉಳಿದವರು ಬೇರೆ ಕೆಲಸ, ಅನಾರೋಗ್ಯ ಎಂದು ದೂರ ಉಳಿದರು, ಕೊನೆಗೆ ಹೊರೆ ಬಿದ್ದದ್ದು ಅಂಬೇಡ್ಕರರ ಮೇಲೆ. ಸಭೆಗೆ ಬಂದ ತಿದ್ದುಪಡಿ ಸೂಚನೆಗಳು 7,635, ಮಂಡನೆಯಾದವು 2,473. ಚಿತ್ರ ಬಂದ ಮೂರು ತಿಂಗಳೊಳಗೆ ಸಂವಿಧಾನ ಅಂಗೀಕಾರವಾಯಿತು. ಇಡೀ ಮನೆಯನ್ನು ಬೆನ್ನ ಮೇಲೆ ಹೊತ್ತು ನಡೆದ ಮನುಷ್ಯನನ್ನೇ ಹುಳುವಿನ ಸವಾರನನ್ನಾಗಿ ಬರೆದರೆ ನಗು ಬರುವುದು ಯಾರಿಗೆ? ಸ್ವತಃ ವ್ಯಂಗ್ಯಚಿತ್ರಕಾರರಾದ ಉನ್ನಮತಿ ಶ್ಯಾಮಸುಂದರ್ ಆ ಕಾಲದ ಇಂಗ್ಲಿಷ್ ಪತ್ರಿಕೆಗಳನ್ನು ಜಾಲಾಡಿ, 1932ರಿಂದ 1956ರವರೆಗಿನ ನೂರಕ್ಕೂ ಮಿಕ್ಕಿ ಅಂಬೇಡ್ಕರ್ ಚಿತ್ರಗಳನ್ನು 2019ರಲ್ಲಿ ಪುಸ್ತಕವಾಗಿ ತಂದರು. ಒಂದು ಚಿತ್ರ ನೋಡಿದರೆ ತಮಾಷೆ ಅನ್ನಿಸಬಹುದು. ನೂರನ್ನು ಸಾಲಾಗಿ ನೋಡಿದರೆ ಅದೊಂದು ಅಭ್ಯಾಸ ಎಂದು ಗೊತ್ತಾಗುತ್ತದೆ.

ನಮ್ಮ ಕನ್ನಡದ ನಗೆಯ ಪರಂಪರೆ ಇದಕ್ಕಿಂತ ಸಾಧು. 1942ರಲ್ಲಿ ಡಾ. ಎಂ. ಶಿವರಾಂ, ಅಂದರೆ ರಾಶಿ, ಶುರು ಮಾಡಿದ 'ಕೊರವಂಜಿ'ಯಲ್ಲಿ ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದರು. ಅದೇ ಕೈ 1951ರಿಂದ ಟೈಮ್ಸ್ ಆಫ್ ಇಂಡಿಯಾದಲ್ಲಿ 'ಶ್ರೀಸಾಮಾನ್ಯ'ನನ್ನು ದಶಕಗಳ ಕಾಲ ನಿಲ್ಲಿಸಿತು. ಮಂತ್ರಿಗಳ ಹೊಟ್ಟೆಯನ್ನೂ ಅಧಿಕಾರಿಗಳ ಸುಳ್ಳನ್ನೂ ಲಕ್ಷ್ಮಣ್ ಬಿಟ್ಟವರಲ್ಲ, ಅದಕ್ಕೆ ನನ್ನ ಗೌರವವಿದೆ. ಆದರೆ ಆ ಸಾಮಾನ್ಯ ಯಾರು? ಪಂಚೆ, ಚೌಕಳಿ ಕೋಟು, ಕನ್ನಡಕ. ಮಂತ್ರಿಯ ಕೋಣೆಯಲ್ಲಿ ನಿಂತಿರುತ್ತಾನೆ, ವಿಮಾನ ನಿಲ್ದಾಣದಲ್ಲೂ ಇರುತ್ತಾನೆ, ಯಾರೂ ಅವನನ್ನು 'ನೀನು ಯಾರ ಪೈಕಿ' ಎಂದು ಕೇಳುವುದಿಲ್ಲ. ಅವನು ಮಾತಾಡುವುದಿಲ್ಲ ಎಂಬುದನ್ನು ಎಲ್ಲರೂ ಮೆಚ್ಚುತ್ತಾರೆ. ನಮ್ಮ ಅಪ್ಪಂದಿರೂ ಮಾತಾಡಲಿಲ್ಲ, ಆದರೆ ಬಾಗಿಲ ಹೊರಗೆ ನಿಂತು. ಬಾಗಿಲ ಒಳಗಿನ ಮೌನಕ್ಕೆ ನಗುವ ಸೌಕರ್ಯವಿದೆ. ಹೊರಗಿನ ಮೌನವನ್ನು ಯಾವ ಪಾಕೆಟ್ ಕಾರ್ಟೂನೂ ಬರೆಯಲಿಲ್ಲ.

ಹಾಗಾದರೆ ನಮ್ಮವರು ಯಾರೂ ಆ ಚೌಕಗಳ ಒಳಗೆ ಹೋಗಿಲ್ಲವೇ? ಹೋಗಿದ್ದಾರೆ, ಹೆಸರು ಮುಚ್ಚಿಕೊಂಡು. ಪ್ರಪಂಚದ ಕಾಮಿಕ್ಸುಗಳಲ್ಲಿ ಅತ್ಯಂತ ಶ್ರೇಷ್ಠವೆಂದು ಬಲ್ಲವರು ಹೇಳುವುದು 1913ರಿಂದ 1944ರವರೆಗೆ ಬಂದ 'ಕ್ರೇಜಿ ಕ್ಯಾಟ್'. ಒಂದು ಕರಿಬೆಕ್ಕು, ಒಂದು ಬಿಳಿ ಇಲಿ. ಇಲಿ ದಿನಾ ಇಟ್ಟಿಗೆ ಎಸೆಯುತ್ತದೆ, ಬೆಕ್ಕು ಅದನ್ನು ಪ್ರೀತಿಯೆಂದು ತಿಳಿಯುತ್ತದೆ. ಒಂದು ಕಂತಿನಲ್ಲಿ ಬೆಕ್ಕು ಬಿಳಿ ಬಣ್ಣ ಹಚ್ಚಿಸಿಕೊಂಡು ಬರುತ್ತದೆ, ಇಲಿ ಮರುಳಾಗುತ್ತದೆ. ಬಣ್ಣದ ಗುಟ್ಟು ತಿಳಿದೊಡನೆ ಮತ್ತೆ ಇಟ್ಟಿಗೆ. ಇದನ್ನು ಬರೆದ ಜಾರ್ಜ್ ಹೆರಿಮನ್ ಬಿಳಿಯನಾಗಿ ಬದುಕಿ ಬಿಳಿಯನಾಗಿ ಸತ್ತ, ಸದಾ ತಲೆಯ ಮೇಲೆ ಟೋಪಿ. ಅವನ 1880ರ ಜನನಪತ್ರ 1971ರಲ್ಲಿ ಬೆಳಕಿಗೆ ಬಂದಾಗ ಅದರಲ್ಲಿ ಕಪ್ಪು ಮೂಲದವನೆಂದು ಬರೆದಿತ್ತು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಊರು, ಅಡ್ಡಹೆಸರು, ಊಟದ ರೀತಿ ಒಂದೊಂದಾಗಿ ಕೇಳಿಸಿಕೊಂಡ ಗೆಳೆಯರು ಈ ಇಟ್ಟಿಗೆಯ ಹಾಸ್ಯವನ್ನು ಓದಲಿ. ಅವರಿಗೆ ಅರ್ಥವಾದಷ್ಟು ಬಿಳಿಯ ವಿಮರ್ಶಕರಿಗೆ ಅರ್ಥವಾಗಿರಲಿಕ್ಕಿಲ್ಲ.

ಮುಚ್ಚಿಕೊಳ್ಳದೆ ಒಳಗೆ ಹೋದವನು ಫ್ರಾಂಕ್ಲಿನ್. ಈ ಕತೆ ನಮ್ಮ ಮೇಷ್ಟ್ರುಗಳಿಗೆ ಮುಖ್ಯ, ಯಾಕೆಂದರೆ ಶುರು ಮಾಡಿದ್ದು ಒಬ್ಬ ಶಾಲಾ ಶಿಕ್ಷಕಿ. ಏಪ್ರಿಲ್ 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗರ ಕೊಲೆಯಾದ ಹನ್ನೊಂದು ದಿನಕ್ಕೆ ಹ್ಯಾರಿಯೆಟ್ ಗ್ಲಿಕ್‌ಮನ್ ಎಂಬಾಕೆ 'ಪೀನಟ್ಸ್' ಬರೆಯುವ ಚಾರ್ಲ್ಸ್ ಶುಲ್ಜ್‌ಗೆ ಕಾಗದ ಹಾಕಿದಳು, ನಿಮ್ಮ ಮಕ್ಕಳ ಗುಂಪಿಗೆ ಒಂದು ಕಪ್ಪು ಮಗುವನ್ನು ಸೇರಿಸಿ ಎಂದು. 31 ಜುಲೈ 1968ರಂದು ಸಮುದ್ರ ತೀರದಲ್ಲಿ ಫ್ರಾಂಕ್ಲಿನ್ ಬಂದ. ಚಾರ್ಲಿ ಬ್ರೌನ್‌ನ ಕಳೆದುಹೋದ ಚೆಂಡನ್ನು ತಂದುಕೊಟ್ಟ. ಇಬ್ಬರೂ ಮರಳಿನ ಕೋಟೆ ಕಟ್ಟಿದರು. ಅಷ್ಟಕ್ಕೇ ಅಮೆರಿಕದ ದಕ್ಷಿಣದ ಒಬ್ಬ ಸಂಪಾದಕ, ಕಪ್ಪು ಹುಡುಗ ಇರಲಿ, ಆದರೆ ಶಾಲೆಯಲ್ಲಿ ಒಟ್ಟಿಗೆ ಕೂರಿಸಬೇಡಿ ಎಂದು ಬರೆದನಂತೆ. ಬಿಸಿಯೂಟದ ಸಾಲಿನಲ್ಲಿ ತಟ್ಟೆ ದೂರ ಸರಿಯುವುದನ್ನು ಕಂಡ ನಮಗೆ ಆ ಸಂಪಾದಕನ ಪರಿಚಯ ಬೇರೆ ಬೇಕಿಲ್ಲ. ಶುಲ್ಜ್ ಜಗ್ಗಲಿಲ್ಲ.

ಆದರೆ ಒಂದು ಮಾತು. ಚಾರ್ಲಿ ಬ್ರೌನ್ ಸದಾ ಸೋಲುತ್ತಾನೆ, ಲೂಸಿ ಜಗಳಗಂಟಿ, ಲೈನಸ್‌ಗೆ ಕಂಬಳಿ ಬಿಟ್ಟರೆ ಜೀವವಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಹುಚ್ಚು, ಆ ಹುಚ್ಚಿನಿಂದಲೇ ನಗು. ಫ್ರಾಂಕ್ಲಿನ್‌ಗೆ ಹುಚ್ಚಿಲ್ಲ. ಅವನು ಒಳ್ಳೆಯವನು, ಜಾಣ, ಮರ್ಯಾದಸ್ಥ. ಹಾಗಾಗಿ ಅವನಿಗೆ ನಗೆಯ ಪಾಲು ಬಹಳ ಕಡಿಮೆ. ಅವಮಾನವಾಗಬಾರದೆಂಬ ಕಾಳಜಿ ಅವನನ್ನು ಅರ್ಧ ಮನುಷ್ಯನನ್ನಾಗಿ ಉಳಿಸಿತು. ಸೀಟು ಸಿಕ್ಕಿತು, ಆಟ ಸಿಕ್ಕಲಿಲ್ಲ.

ಗೆಳೆಯರೇ, ಇಲ್ಲಿ ನಾವು ನಮ್ಮ ಕಡೆ ತಿರುಗಿ ನೋಡಬೇಕು. ನಮ್ಮ ಕತೆ ಕವನಗಳಲ್ಲಿ ದಲಿತ ಏನು ಮಾಡುತ್ತಾನೆ? ಅಳುತ್ತಾನೆ, ಇಲ್ಲವೇ ಮುಷ್ಟಿ ಎತ್ತುತ್ತಾನೆ. ಅಳುವುದಕ್ಕೆ ಕಾರಣವಿದೆ, ಮುಷ್ಟಿಗೂ ಇದೆ. ಆದರೆ ನಮ್ಮ ಕೇರಿಯಲ್ಲಿ ಇಷ್ಟೇ ಜನ ಇದ್ದಾರೆಯೇ? ಸುಳ್ಳು ಹೇಳಿ ಸಿಕ್ಕಿಬೀಳುವ ಚಿಕ್ಕಪ್ಪ, ಕೋಳಿಗೆ ಬೈಯುತ್ತಲೇ ಅನ್ನ ಹಾಕುವ ಅಜ್ಜಿ, ಸರಕಾರದ ಫಾರಂ ತಲೆಕೆಳಗೆ ಹಿಡಿದು ಓದಿ ಹೇಳುವ ಮುಖಂಡ, ಇವರೆಲ್ಲ ಎಲ್ಲಿ ಹೋದರು? ನಾವೂ ನಮ್ಮವರನ್ನು ಫ್ರಾಂಕ್ಲಿನ್ ಮಾಡುತ್ತಿದ್ದೇವೆ. ಪೆದ್ದನಾಗುವ, ಸೋಲುವ, ಮರುದಿನ ಮತ್ತೆ ಎದ್ದು ಬರುವ ಹಕ್ಕು ಕೂಡ ಸಮಾನತೆಯ ಒಂದು ಭಾಗ. ಚಾರ್ಲಿ ಬ್ರೌನ್‌ಗೆ ಅದು ಹುಟ್ಟಿನಿಂದ ಬಂತು.

ದಾರಿ ಇಲ್ಲದೆ ಇಲ್ಲ. ದೇವನೂರ ಮಹಾದೇವರ 'ಒಡಲಾಳ'ವನ್ನು ಮತ್ತೆ ತೆರೆಯಿರಿ. ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಾಳೆ. ಮನೆಮಂದಿಯೆಲ್ಲ ಒಲೆಯ ಸುತ್ತ ಕೂತು ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯೆಲ್ಲ ತಿಂದು ಮುಗಿಸುತ್ತಾರೆ, ಸಿಪ್ಪೆಯನ್ನೂ ಉಳಿಸದ ಹಾಗೆ. ಪೊಲೀಸರು ಬಂದು ತಡಕಿದರೆ ಕಡಲೆಕಾಯಿ ಇಲ್ಲ, ಗೋಡೆಯ ಮೇಲೆ ಬಿಡಿಸಿದ ನವಿಲು ಉಂಟು. ಹಸಿವಿನ ಕತೆ ಇದು, ಆದರೂ ನಗದೆ ಓದಲಾಗುವುದಿಲ್ಲ. ಆ ನಗು ಸಾಕವ್ವನ ಮನೆಯವರ ಮೈಮೇಲೆ ಬಿದ್ದದ್ದಲ್ಲ, ಅವರ ಒಳಗಿನಿಂದ ಎದ್ದದ್ದು. ಕಡಲೆಕಾಯಿಯ ಹೆಸರಿನ ಅಮೆರಿಕದ ಕಾಮಿಕ್ಸಿಗೆ ಸರಿಯಾದ ಉತ್ತರ ನಮ್ಮಲ್ಲೇ ಬರೆದಾಗಿದೆ, ಚೌಕ ಹಾಕುವುದೊಂದು ಬಾಕಿ.

ಕುಂದಾಪುರದ ಸತೀಶ್ ಆಚಾರ್ಯರಂಥ ವ್ಯಂಗ್ಯಚಿತ್ರಕಾರರನ್ನು ಕೊಟ್ಟ ಸೀಮೆ ಇದು. ಇಲ್ಲಿ ಗೆರೆಗೆ ಬರವಿಲ್ಲ. ಊರ ಶಾಲೆಯ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಒಂದೇ. ಶನಿವಾರದ ಅರ್ಧ ದಿನದಲ್ಲಿ ಒಂದು ಗಂಟೆ ಮಕ್ಕಳ ಕೈಗೆ ಇದ್ದಿಲು ಕೊಟ್ಟು, ನಿಮ್ಮ ಮನೆಯಲ್ಲಿ ನಿನ್ನೆ ನಗು ಬಂದದ್ದನ್ನು ಬರೆಯಿರಿ ಎನ್ನಿ. ಅಜ್ಜಿಯನ್ನು ಬರೆಯಲಿ, ಕೋಳಿಯನ್ನು ಬರೆಯಲಿ, ನಿಮ್ಮನ್ನೇ ಬರೆದರೆ ಸಿಟ್ಟಾಗಬೇಡಿ. ಸಂಪಾದಕರಲ್ಲಿ ಇನ್ನೊಂದು ಕೋರಿಕೆ. ಮುಂದಿನ ಸಂಚಿಕೆಯಲ್ಲಿ ನನ್ನ ಪದ್ಯಕ್ಕೆ ಇಟ್ಟ ಜಾಗವನ್ನು ನಾಲ್ಕು ಚೌಕ ಮಾಡಿ ಖಾಲಿ ಬಿಡಿ. ಆ ಮಕ್ಕಳಲ್ಲಿ ಯಾರಾದರೂ ತುಂಬುತ್ತಾರೆ. ಮತ್ತು ದಯವಿಟ್ಟು ಕೊನೆಯ ಚೌಕವನ್ನು ಹರಿಯದಂತೆ ಅಚ್ಚು ಹಾಕಿ.